ಹಿಡಿ ಅಕ್ಕಿಯ ಮಕ್ಕಳು

ಗಂಜಿ ಹಾಕಿದ ಹಸಿ ನೂಲಿಗೆ ಒಂದು ವಾಸನೆ ಇರುತ್ತದೆ. ತುಸು ಹುಳಿ, ತುಸು ಬೆಚ್ಚಗೆ, ಹಿಂದಿನ ದಿನದ ಅನ್ನದ ಗಡಿಗೆಯ ಮುಚ್ಚಳ ತೆಗೆದಾಗ ಬರುವಂಥದು. ಮೊನ್ನೆ ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ಬಸ್ಸಿನಲ್ಲಿ ಯಾರೋ ಒಬ್ಬರು ನೂಲಿನ ಗಂಟನ್ನು ನನ್ನ ಕಾಲ ಬಳಿ ಇಟ್ಟು, “ಸ್ವಲ್ಪ ನೋಡ್ಕೋರಿ ಅಕ್ಕಾರ” ಎಂದು ಹಿಂದಕ್ಕೆ ಹೋದರು. ಚಿಮ್ಮಡ ದಾಟುವ ಹೊತ್ತಿಗೆ ನನಗೆ ಕಣ್ಣು ತುಂಬಿ ದಾರಿ ಕಾಣದಂತಾಗಿತ್ತು. ನಾನು ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ನನ್ನ ಮುಖ ನೋಡಿದವರು ನೇಪಾಳವೇ, ಚೀನಾವೇ ಎಂದು ಕೇಳುತ್ತಾರೆ. ಬಾಯಿ ತೆರೆದರೆ ಬನಹಟ್ಟಿಯ ಓಣಿ ಕೇಳಿಸಿ ಬೆಚ್ಚಿ ಬೀಳುತ್ತಾರೆ. ಎರಡೂ ಖರೆ. ನನ್ನ ತಂದೆ ತಾಯಿ ಮಿಜೋರಾಮಿನ ಗುಡ್ಡಗಳಿಂದ ಇಲ್ಲಿಗೆ ಮಿಷನರಿಗಳಾಗಿ ಬಂದವರು. ನನಗೆ ಬುದ್ಧಿ ಬಂದದ್ದು ಮಾತ್ರ ಬನಹಟ್ಟಿಯ ನೇಕಾರ ಓಣಿಯಲ್ಲಿ, ನೀಲವ್ವನ ಮನೆಯ ಹಿತ್ತಿಲಲ್ಲಿ. ಆ ಮನೆ ಈಗಿಲ್ಲ. ಅಲ್ಲೊಂದು ಮೂರಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ. ನೀಲವ್ವ ಇಲ್ಲ, ಅವಳ ಗಂಡ ಮಲ್ಲಪ್ಪ ಇಲ್ಲ. ನನ್ನ ತಾಯಿ ಇಲ್ಲ. ಅಂಗಡಿಯ ಹುಡುಗಿ ನನ್ನನ್ನು ನೋಡಿ ಹಿಂದಿಯಲ್ಲಿ ಏನು ಬೇಕೆಂದು ಕೇಳಿದಳು. ಏನು ಬೇಕಿತ್ತು ಎಂದು ನಾನಾದರೂ ಹೇಗೆ ಹೇಳಲಿ? ಚಾರ್ಜರ್ ಒಂದನ್ನು ಕೊಂಡು ಬಂದೆ.

ನಿಮಗೂ ಇಂಥ ಒಂದು ಮನೆ ಇದ್ದಿರಬಹುದು. ಕಣ್ಣು ಮುಚ್ಚಿದರೆ ಮಾತ್ರ ಬಾಗಿಲು ತೆರೆಯುವಂಥದು. ನಮ್ಮದಕ್ಕೆ ಮುಂದೆ ಪಾವರ್‌ಲೂಮಿನ ಪಡಸಾಲೆ, ಹಿಂದೆ ನಾವು ಬಾಡಿಗೆಗಿದ್ದ ಎರಡು ಖೋಲಿ, ನಡುವೆ ಒಂದು ಅಂಗಳ. ಮಗ್ಗಗಳ ಸದ್ದಿನಲ್ಲಿ ಹುಟ್ಟಿದ ಮಕ್ಕಳಿಗೆ ಆ ಸದ್ದು ಕೇಳಿಸುವುದೇ ಇಲ್ಲ. ಕರೆಂಟು ಹೋಗಿ ಮಗ್ಗ ನಿಂತಾಗಲೇ ನಾವು ಬೆದರಿ ಎದ್ದು ಕೂರುತ್ತಿದ್ದೆವು. ಅಂಗಳದಲ್ಲಿ ಓಣಿಯ ಹೆಂಗಸರು ರಾಟಿ ತಿರುಗಿಸುತ್ತ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನನಗೆ ನಡೆಯಲು ಬರುವ ಮೊದಲೇ ಅವರ ಮಡಿಲಿಂದ ಮಡಿಲಿಗೆ ದಾಟುವುದು ಬರುತ್ತಿತ್ತಂತೆ. ನನ್ನ ಹೆಸರು ಮೋಯಿ. ನಮ್ಮ ಭಾಷೆಯಲ್ಲಿ ಚೆಲುವೆ ಎಂದರ್ಥ. ಓಣಿಯವರ ಬಾಯಲ್ಲಿ ಅದು ಮೋಯವ್ವ ಆಗಿ, ಊರ ಹೆಣ್ಣುಮಕ್ಕಳ ಹೆಸರುಗಳ ಜೊತೆ ಸೇರಿಕೊಂಡಿತು. ಅಣ್ಣ ಕೀಮಾ ನನಗಿಂತ ಎರಡು ವರ್ಷ ದೊಡ್ಡವನು, ಓಣಿಗೆ ಅವನು ಕೀಮಪ್ಪ. ಅಪ್ಪ ಅಲ್ಲೇ ಒಂದು ಖೋಲಿಯಲ್ಲಿ ಇಂಗ್ಲಿಷ್ ಬಾಲವಾಡಿ ನಡೆಸುತ್ತಿದ್ದ, ಭಾನುವಾರ ಪ್ರಾರ್ಥನೆ ಮಾಡಿಸುತ್ತಿದ್ದ. ಬಾಲವಾಡಿಗೆ ಬಂದ ಮಕ್ಕಳು ಖೋಲಿಯಲ್ಲಿ ಹಿಡಿಸುತ್ತಿರಲಿಲ್ಲ, ಪ್ರಾರ್ಥನೆಗೆ ಜನ ಸಾಲುತ್ತಿರಲಿಲ್ಲ. ಮನೆ ಬಾಡಿಗೆಗೆ ಕೊಡುವಾಗ ಮಲ್ಲಪ್ಪಕಾಕಾ ಹಾಕಿದ್ದು ಒಂದೇ ಷರತ್ತು, ಒಳಗೆ ಮಾಂಸ ಬೇಯಬಾರದು. ಹಂದಿಮಾಂಸವನ್ನು ಒಲೆಯ ಮೇಲೆ ಹೊಗೆಗೆ ತೂಗುಹಾಕುವ ಸೀಮೆಯಿಂದ ಬಂದ ನನ್ನ ತಾಯಿ ಹೂಂ ಎಂದಳು. ಆಮೇಲೆ ಎಷ್ಟೋ ಸಲ ಅವಳು ಒಣ ಮೆಣಸಿನಕಾಯಿ ಸುಟ್ಟು, ಆ ಹೊಗೆಯ ಮುಂದೆ ಕಣ್ಣು ಮುಚ್ಚಿ ನಿಂತದ್ದನ್ನು ನೋಡಿದ್ದೇನೆ.

ಅಮ್ಮನೂ ನೇಯುವವಳೇ. ನಮ್ಮ ಕಡೆ ಹೆಂಗಸರು ಮಗ್ಗದ ಒಂದು ತುದಿಯನ್ನು ಕಂಬಕ್ಕೆ, ಇನ್ನೊಂದನ್ನು ಸ್ವಂತ ಸೊಂಟಕ್ಕೆ ಕಟ್ಟಿಕೊಂಡು ನೆಲದಲ್ಲಿ ಕೂತು ನೇಯುತ್ತಾರೆ. ಮೊದಲ ಸಲ ಅವಳು ಹಿತ್ತಿಲಿನ ಕಂಬಕ್ಕೆ ಹಾಸುನೂಲು ಕಟ್ಟಿ ಕೂತಾಗ ನೀಲವ್ವ ಸೊಂಟದ ಮೇಲೆ ಕೈ ಇಟ್ಟು ನಿಂತು ನಕ್ಕಿದ್ದು ಓಣಿಗೆಲ್ಲ ಕೇಳಿತ್ತು. “ಏನ್ರೀ ಬಾಯಾರ, ನೀವ ಮಗ್ಗ ಆಗಿ ಕುಂತೀರಲ್ಲ! ಎದ್ದ ಹೋಗಬೇಕಂದ್ರ ಸೀರಿ ಕಟಗೊಂಡ ಹೋಗ್ತೀರೇನು?” ಅಮ್ಮನಿಗೆ ಆಗ ಕನ್ನಡ ಪೂರ್ತಿ ಬರುತ್ತಿರಲಿಲ್ಲ, ಆದರೂ ಅವಳೂ ನಕ್ಕಳು. ನೀಲವ್ವ ಪಕ್ಕದಲ್ಲಿ ಕೂತು ಎಳೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿ, ಕಡಿದಿದ್ದ ಒಂದು ಎಳೆಯನ್ನು ಕೇಳದೆಯೇ ಗಂಟು ಹಾಕಿ ಕೊಟ್ಟಳು. ಅವರಿಬ್ಬರ ಗೆಳೆತನ ಹಾಗೆ ಶುರುವಾಯಿತು. ನೀಲವ್ವನಿಗೆ ಮಕ್ಕಳಿರಲಿಲ್ಲ. ಅದನ್ನು ಅವಳು ಯಾವತ್ತೂ ದುಃಖವಾಗಿ ಹೇಳಿಕೊಂಡವಳಲ್ಲ. ನನ್ನ ತಲೆ ಬಾಚುವಾಗ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಾಚುತ್ತಿದ್ದಳು. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ.

ಈಗ ಆ ಡಬ್ಬಿಯ ವಿಷಯ ಹೇಳಬೇಕು. ಅಮ್ಮ ದಿನಾ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು, ಮೂಲೆಯಲ್ಲಿದ್ದ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಒಲೆಗೆ ಬೆಂಕಿ ಹಚ್ಚುವುದನ್ನು ಮರೆತಾಳು, ಅದನ್ನು ಮರೆಯುತ್ತಿರಲಿಲ್ಲ. ನೀಲವ್ವ ಅದನ್ನು ನೋಡಿ, ಭಿಕ್ಷೆಗೆ ಬರುವ ಅಯ್ಯನವರಿಗೆ ಇರಬೇಕು ಎಂದುಕೊಂಡು, ಅಮ್ಮ ಇಲ್ಲದಾಗ ಒಂದು ಸೋಮವಾರ ಡಬ್ಬಿಯನ್ನು ಪೂರ್ತಿ ಅಯ್ಯನವರ ಜೋಳಿಗೆಗೆ ಸುರಿದುಬಿಟ್ಟಳು. ಅಮ್ಮ ಬಂದು ಖಾಲಿ ಡಬ್ಬಿ ಹಿಡಿದು ನಿಂತಾಗಲೇ ಗೊತ್ತಾದದ್ದು. ಸಿಟ್ಟಾಗುತ್ತಾಳೇನೋ ಎಂದು ನಾವು ಕಾದೆವು. ಅವಳು ನೀಲವ್ವನನ್ನು ಕೂರಿಸಿಕೊಂಡು, ಬಂದಷ್ಟು ಕನ್ನಡದಲ್ಲಿ ತಿಳಿಸಿ ಹೇಳಿದಳು. ನಮ್ಮೂರಲ್ಲಿ ಪ್ರತಿ ಮನೆಯ ಹೆಂಗಸೂ ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾಳೆ. ಬಡವರೂ ತೆಗೆದಿಡುತ್ತಾರೆ. ಚರ್ಚಿನ ಹೆಂಗಸರು ಅದನ್ನು ಕೂಡಿಸಿ ಮಾರುತ್ತಾರೆ. ಆ ದುಡ್ಡಿನಿಂದಲೇ ನಮ್ಮಂಥವರನ್ನು ದೂರದೂರಿಗೆ ಕಳಿಸುವುದು, ಅನ್ನ ಹಾಕುವುದು. ನಾವು ಅವರ ಹಿಡಿ ಅಕ್ಕಿ ತಿನ್ನುವವರು, ಅದಕ್ಕೇ ನಾವೂ ಒಂದು ಹಿಡಿ ತೆಗೆದಿಡುತ್ತೇವೆ. ನೀಲವ್ವ ನನ್ನ, ಅಣ್ಣನ ಕಡೆ ನೋಡಿ ಕೇಳಿದಳು. “ಹಂಗಾರ ಈ ಹುಡುಗುರ್ನ ಸಾಕಾಕತ್ತಾವ್ರು ಆ ಹೆಣ್ಮಕ್ಕಳು?” ಅಮ್ಮ ಹೌದೆಂದಳು. ತಾಟಿನಲ್ಲಿ ಅನ್ನ ಬಿಟ್ಟರೆ ಅಮ್ಮ ನಮಗೂ ಅದನ್ನೇ ಹೇಳುತ್ತಿದ್ದಳು, ಇದು ಯಾರದೋ ಹಿಡಿ ಎಂದು. ಹಸಿವಿಲ್ಲದಿದ್ದರೂ ತಿನ್ನುತ್ತಿದ್ದೆವು.

ಆ ಹಿಡಿಗೆ ಒಂದು ಕಟ್ಟಳೆಯೂ ಇತ್ತು. ಮಿಷನರಿಗಳ ಮಕ್ಕಳು ನಾಲ್ಕನೆಯ ಇಯತ್ತೆ ಮುಗಿಸಿದ ಮೇಲೆ ಮಿಜೋರಾಮಿನ ಹಾಸ್ಟೆಲಿಗೆ ಹೋಗಬೇಕು. ನಮ್ಮ ಭಾಷೆ, ನಮ್ಮ ಹಾಡು, ನಮ್ಮ ಜನ ಮರೆಯಬಾರದಲ್ಲ. ಅಣ್ಣ ಮೊದಲು ಹೋದ. ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಅವನು ನೀಲವ್ವನ ಸೆರಗು ಬಿಡದೆ, “ದೊಡ್ಡವ್ವಾ, ನಾ ಒಲ್ಲೆ, ನಾ ಒಲ್ಲೆ” ಎಂದು ಚೀರಿದ್ದು ಇನ್ನೂ ಕಿವಿಯಲ್ಲಿದೆ. ಒಂದು ವರ್ಷ ಕಳೆದು ಚಳಿಗಾಲದ ರಜೆಗೆ ಬಂದಾಗ ಅವನ ಪ್ಯಾಂಟು ಉದ್ದವಾಗಿತ್ತು, ಕೂದಲು ನೀಟಾಗಿತ್ತು. ನೀಲವ್ವ ಅವನಿಗೆಂದು ಶೇಂಗಾ ಹೋಳಿಗೆ ಮಾಡಿ ತಂದು, “ಬಂದಿ ಏನೋ ಕೀಮಪ್ಪಾ? ಎಷ್ಟ ಸೊರಗೀಯಲ್ಲೋ” ಎಂದು ಗಲ್ಲ ಹಿಡಿದಳು. ಅಣ್ಣ ಎರಡೂ ಕೈಯಲ್ಲಿ ತಾಟು ತೆಗೆದುಕೊಂಡು, ತಲೆ ಬಗ್ಗಿಸಿ, “ಥ್ಯಾಂಕ್ಯೂ” ಎಂದ. ನೀಲವ್ವ ಮತ್ತೆ ಏನೇನೋ ಕೇಳಿದಳು. ಅವನು ಅಮ್ಮನ ಮುಖ ನೋಡಿದ. ಅರ್ಥವಾಗಿರಲಿಲ್ಲವೋ, ಬಾಯಿಗೆ ಬರಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. ನೀಲವ್ವ ನಕ್ಕಳು. “ಸಾಹೇಬ ಆಗ್ಯಾನ ಬಿಡ್ರಿ” ಎಂದು ಪಡಸಾಲೆಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ನಿಂತ ಮಗ್ಗದ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಹೋದವರು ಹೀಗೆ ವಾಪಸು ಬರುತ್ತಾರೆ ಎಂದು ಆವತ್ತು ನನಗೆ ಗೊತ್ತಾಯಿತು.

ಮುಂದಿನ ವರ್ಷ ನನ್ನ ಸರದಿ. ನಾನು ಮಾಡದ ಹಟವಿಲ್ಲ. ಭಾಷೆ ಮರೆಯುತ್ತೇನೆಂದು ತಾನೇ ಕಳಿಸುವುದು, ಹಾಗಾದರೆ ಮರೆತಿಲ್ಲವೆಂದು ತೋರಿಸಿದರಾಯಿತು ಎಂದುಕೊಂಡು ಮನೆಯೊಳಗೆ ಕನ್ನಡ ಮಾತಾಡುವುದನ್ನೇ ಬಿಟ್ಟೆ. ದಿನಾ ಸಂಜೆ ಅಪ್ಪನ ಮುಂದೆ ನಿಂತು ಮಿಜೋ ಬೈಬಲನ್ನು ಗಟ್ಟಿಯಾಗಿ ಓದಿದೆ. ಅರ್ಥವಾಗದ ಶಬ್ದ ಬಂದರೆ ಇನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪ ಕೇಳಿಸಿಕೊಳ್ಳುತ್ತ ಕೂರುತ್ತಿದ್ದ, ಅವನ ಕಣ್ಣು ತುಂಬುತ್ತಿತ್ತು, ಆದರೆ ಬಾಯಲ್ಲಿ ಅದೇ ಮಾತು: ಅವರ ಅಕ್ಕಿ ತಿಂದವರು ಅವರ ಮಕ್ಕಳಾಗಿಯೇ ಬೆಳೆಯಬೇಕು. ಅಪ್ಪ ಕೆಟ್ಟವನಲ್ಲ. ಎದುರಾಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ನಾನು ನೀಲವ್ವನ ತೊಡೆಯ ಮೇಲೆ ಬಿದ್ದು ಅತ್ತೆ. ಆ ಹಿಡಿ ಅಕ್ಕಿ ತಿಂದದ್ದಕ್ಕೇ ಹೋಗಬೇಕಂತೆ ದೊಡ್ಡವ್ವಾ, ನಾನು ಇನ್ನು ಅನ್ನ ತಿನ್ನುವುದೇ ಇಲ್ಲ ಎಂದೆ. ಅವಳು ನನ್ನ ತಲೆಯಲ್ಲಿ ಬೆರಳಾಡಿಸುತ್ತಿದ್ದವಳು ನಿಲ್ಲಿಸಿದಳು. “ಹಿಡಿ ಅಕ್ಕಿಗೇನು? ಅಷ್ಟ ಐತೇನು?” ಎಂದಳು.

ಮರುದಿನ ಬೆಳಿಗ್ಗೆ ನೀಲವ್ವನ ಅಡಿಗೆಮನೆಯಲ್ಲೂ ಒಂದು ಡಬ್ಬಿ ಬಂತು. ರೊಟ್ಟಿಗೆ ಜೋಳ ಅಳೆಯುವ ಮುಂಚೆ ಒಂದು ಹಿಡಿ ತೆಗೆದು ಅದಕ್ಕೆ ಹಾಕಿದಳು. ಮಲ್ಲಪ್ಪಕಾಕಾ ಚಹಾ ಕುಡಿಯುತ್ತ ಚುಡಾಯಿಸಿದ. “ಏನ ಬೇ, ಅಯ್ಯಾರ್ನ ಬಿಟ್ಟ ಪಾದ್ರಿಗೆ ಭಿಕ್ಷಾ ಹಾಕಾಕ ಹತ್ತಿದೇನು?” ನೀಲವ್ವ ತಿರುಗಿಯೂ ನೋಡಲಿಲ್ಲ. “ಪಾದ್ರಿಗಲ್ರೀ, ಹುಡಿಗಿಗೆ. ಅಲ್ಲಿ ಹೆಣ್ಮಕ್ಕಳು ಹಿಡಿ ತಗದ ಸಾಕತಾರಂದ್ರ ನಾ ಸಾಕಾಕ ಬರೂದಿಲ್ಲೇನು? ಇಲ್ಲೂ ಹಿಡಿ ತಗದ್ರ ಆಕಿ ಇಲ್ಲೀಕೀನ ಆಗ್ತಾಳ.” ಮಲ್ಲಪ್ಪಕಾಕಾ ಆಮೇಲೆ ಚುಡಾಯಿಸಲಿಲ್ಲ. ಕಂಡಿಕೆ ಸುತ್ತಲು ಬರುವ ಹೆಂಗಸರಿಗೂ ಸುದ್ದಿ ಹೋಯಿತು. ಅವರೂ ಸೆರಗಿನ ತುದಿಯಲ್ಲಿ ಒಂದೊಂದು ಹಿಡಿ ಕಟ್ಟಿಕೊಂಡು ಬರತೊಡಗಿದರು. ಬಂದವರೇ ಗಂಟು ಬಿಚ್ಚಿ ಡಬ್ಬಿಗೆ ಸುರಿದು, ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, “ಎಲ್ಲಿ ಹೊಕ್ಕೀ ಲೇ ನಮ್ಮನ್ನ ಬಿಟ್ಟು?” ಎನ್ನುತ್ತಿದ್ದರು. ಡಬ್ಬಿ ತುಂಬಿ ಚೀಲ ಬಂತು. ದೀಪಾವಳಿಯಿಂದ ಹೋಳಿಹುಣ್ಣಿಮೆಯವರೆಗೆ ನಾನು ಬದುಕಿದ್ದು ಆ ಚೀಲವನ್ನು ನೋಡಿಕೊಂಡು. ಶಾಲೆಗೆ ಹೋಗುವ ಮುಂಚೆ ಓಡಿಹೋಗಿ ಅದರಲ್ಲಿ ಕೈ ಹಾಕುತ್ತಿದ್ದೆ. ಮೊಣಕೈವರೆಗೆ ಬಂತು, ಹೆಗಲವರೆಗೆ ಬಂತು. ಅಷ್ಟು ನಂಬಿಕೆಯನ್ನು ನಾನು ದೇವರ ಮೇಲೂ ಇಟ್ಟಿರಲಿಲ್ಲ.

ಹೋಳಿ ಮುಗಿದ ಮೇಲೆ ಒಂದು ಸಂಜೆ ನೀಲವ್ವ, ಮಲ್ಲಪ್ಪಕಾಕಾ ಇಬ್ಬರೂ ಸೇರಿ ಚೀಲವನ್ನು ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಳಿಸಿದರು. ಹಿಂದೆ ಓಣಿಯ ಹೆಂಗಸರು ನಿಂತಿದ್ದರು. ನೀಲವ್ವ ಮಿಂದು ಹೊಸ ಸೀರೆ ಉಟ್ಟಿದ್ದಳು. “ಸರ್, ನಿಮ್ಮೂರ ಹೆಣ್ಮಕ್ಕಳಿಗೆ ಹೇಳ್ರಿ, ಇಲ್ಲೂ ಹಿಡಿ ಕಾಳ ತಗದಿಡಾವ್ರು ಅದಾರಂತ. ಇದು ಮೋಯವ್ವಂದು. ಆಕೀನ ಇಲ್ಲೇ ಬಿಡ್ರಿ.” ಅಪ್ಪ ಚೀಲ ಮುಟ್ಟಿ ನೋಡಿ, “ಇದು ಕಾಳಿನ ಲೆಕ್ಕ ಅಲ್ರೀ ನೀಲವ್ವಾರ” ಎಂದ. “ಮತ್ತ್ಯಾವ ಲೆಕ್ಕ ಹೇಳ್ರಿ,” ಎಂದಳು ಅವಳು, “ಅದನ್ನೂ ತುಂಬತೇನಿ.” ಅಮ್ಮ ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತುಕೊಂಡಳು. ಯಾರಿಗೂ ಎದುರಾಡದ ನನ್ನ ಅಪ್ಪ ಚಪ್ಪಲಿ ಮೆಟ್ಟಿ, ಎಸ್‌ಟಿಡಿ ಬೂತಿಗೆ ಹೋಗಿ ಮಿಜೋರಾಮಿನ ಚರ್ಚಿಗೆ ಫೋನ್ ಮಾಡಿದ. ಚೀಲದ ಕತೆಯನ್ನು ಮೊದಲಿಂದ ಕೊನೆವರೆಗೆ ಹೇಳಿ, ಹುಡುಗಿಯನ್ನು ಇಲ್ಲೇ ಬಿಡಬಹುದೇ ಎಂದು ಕೇಳಿದ. ಹಿರಿಯರು ಸೇರಿ ಮಾತಾಡಿ ತಿಳಿಸುತ್ತೇವೆ, ಮುಂದಿನ ವಾರ ಫೋನ್ ಮಾಡು ಎಂದರಂತೆ. ಆ ವಾರ ನಾನು ಉಂಡದ್ದು, ಮಲಗಿದ್ದು ಯಾವುದೂ ನೆನಪಿಲ್ಲ. ನೀಲವ್ವ ಮಾತ್ರ ಎಂದಿನ ಹಾಗೆ ಬೆಳಿಗ್ಗೆ ಜೋಳ ತೆಗೆದಿಡುತ್ತಲೇ ಇದ್ದಳು.

ಮುಂದಿನ ವಾರ ಅಪ್ಪ ಬೂತಿನಿಂದ ಬರುವಾಗ ಓಣಿಯೇ ಕಟ್ಟೆಯ ಮೇಲೆ ಕೂತಿತ್ತು. ಅಪ್ಪನ ಮುಖ ಓದಲಿಕ್ಕೆ ಬರುವಂತಿರಲಿಲ್ಲ. “ಏನಂದ್ರೀ ಸರ್?” ಎಂದಳು ನೀಲವ್ವ. ಭಾಳ ಖುಷಿಯಾಗ್ಯಾರ ಅಂದ ಅಪ್ಪ. ಅವನ ಮಾತಿನಿಂದ ತುಂಡು ತುಂಡಾಗಿ ತಿಳಿದದ್ದು ಇಷ್ಟು. ಭಾನುವಾರ ಚರ್ಚಿನಲ್ಲಿ ಈ ಸುದ್ದಿ ಹೇಳಿದರಂತೆ. ಬಯಲುಸೀಮೆಯ ನೇಕಾರ ಹೆಂಗಸರು ನಮ್ಮ ಹಾಗೆಯೇ ಹಿಡಿ ಕಾಳು ತೆಗೆದಿಡುತ್ತಿದ್ದಾರೆ ಎಂದು ಕೇಳಿ ಹೆಂಗಸರೆಲ್ಲ ಅತ್ತರಂತೆ, ಎದ್ದು ನಿಂತು ಹಾಡಿದರಂತೆ. ಇಷ್ಟು ವರ್ಷದ ಕೆಲಸಕ್ಕೆ ಫಲ ಸಿಕ್ಕಿತು ಎಂದು ದೇವರಿಗೆ ಸ್ತೋತ್ರ ಹೇಳಿದರಂತೆ. ಆ ಜೋಳವನ್ನು ಮಾರಿ ದುಡ್ಡು ಕಳಿಸು, ಅದನ್ನು ಇನ್ನೊಬ್ಬ ಮಿಷನರಿಯನ್ನು ಕಳಿಸಲು ಕೂಡಿಸುತ್ತೇವೆ ಎಂದರಂತೆ. “ಖುಷಿಯಾದ್ರ ಹುಡಿಗೀನ ಬಿಡ್ತಾರಂತೇನು?” ಎಂದು ನೀಲವ್ವ ಮತ್ತೆ ಕೇಳಿದಳು. ಅಪ್ಪ ತಲೆ ಅಲ್ಲಾಡಿಸಿದ. ಹೋಗಲೇಬೇಕು. ದೇವರ ಕೆಲಸಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ಕೊಟ್ಟ ಮನೆಯ ಹುಡುಗಿ ಬರುತ್ತಾಳೆಂದು ಹಾಸ್ಟೆಲಿನಲ್ಲಿ ಕಾಯುತ್ತಿದ್ದಾರಂತೆ. ಅಲ್ಲಿಯ ಹೆಂಗಸರ ಮೇಲೆ ನನಗೆ ಸಿಟ್ಟು ಬಂದಷ್ಟು ಬದುಕಿನಲ್ಲಿ ಯಾರ ಮೇಲೂ ಬಂದಿಲ್ಲ. ಅವರು ಅತ್ತದ್ದು ಸುಳ್ಳಲ್ಲ ಎಂದು ಈಗ ಗೊತ್ತು. ಹಸಿದ ಹೊಟ್ಟೆಯಿಂದ ತೆಗೆದಿಟ್ಟವರಿಗೆ ಇನ್ನೊಬ್ಬರು ತೆಗೆದಿಟ್ಟದ್ದು ಎಂಥ ದೊಡ್ಡ ಸುದ್ದಿ! ಆದರೆ ಓಣಿಯ ಒಂದು ಹೆಂಗಸೂ ನಿಮ್ಮ ಮಿಷನ್ನಿಗೆಂದು ಹಿಡಿ ತೆಗೆದಿರಲಿಲ್ಲ, ತಾಯಂದಿರೇ. ನನ್ನನ್ನು ಉಳಿಸಿಕೊಳ್ಳಲು ತೆಗೆದಿದ್ದರು. ಇದನ್ನು ಫೋನಿನಲ್ಲಿ ಗಟ್ಟಿಯಾಗಿ ಹೇಳುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಜೋಳವನ್ನು ಮಾತ್ರ ಅಮ್ಮ ಮಾರಗೊಡಲಿಲ್ಲ. ಅಪ್ಪನ ಮಾತನ್ನು ಅವಳು ಮೀರಿದ್ದು ನಾನು ಕಂಡಂತೆ ಅದೊಂದೇ ಸಲ. ಓಣಿಗೆ ಒಂದಷ್ಟು ಹಂಚಿ, ನನ್ನ ದಾರಿಗೆ ಬೇಕಾದಷ್ಟನ್ನು ಗಿರಣಿಯಲ್ಲಿ ಹಿಟ್ಟು ಹಾಕಿಸಿ ತಂದು, ನೀಲವ್ವನ ಒಲೆಯ ಮುಂದೆ ಅವಳ ಪಕ್ಕ ಕೂತು, ಇಬ್ಬರೂ ರೊಟ್ಟಿ ಬಡಿದರು. ಅಮ್ಮನ ರೊಟ್ಟಿ ಯಾವತ್ತೂ ದುಂಡಗಾಗುತ್ತಿರಲಿಲ್ಲ. ನೀಲವ್ವ ಅವತ್ತು ಅದಕ್ಕೆ ನಗಲೂ ಇಲ್ಲ, ತಿದ್ದಲೂ ಇಲ್ಲ. ಕಡಕ್ ಮಾಡಿ ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಮೀರಜದಲ್ಲಿ ರೈಲು ಹತ್ತಿದಾಗಿನಿಂದ ಗುವಾಹಟಿಯವರೆಗೂ ನಾನು ಬೇರೆ ಏನನ್ನೂ ಮುಟ್ಟಲಿಲ್ಲ. ಅಪ್ಪ ಇಡ್ಲಿ ತಂದ, ಪೂರಿ ತಂದ, ಕಿತ್ತಳೆ ತಂದ. ನಾನು ಕಿಟಕಿಗೆ ಮುಖ ಮಾಡಿ ರೊಟ್ಟಿ ಮುರಿದು ಮುರಿದು ತಿಂದೆ. ಎಲ್ಲರ ಹಿಡಿಯನ್ನೂ ನಾನೇ ತಿಂದು ಮುಗಿಸಬೇಕು, ಒಂದು ಚೂರೂ ಅಲ್ಲಿಯವರಿಗೆ ಸಿಗಬಾರದು ಎಂಬುದೊಂದೇ ತಲೆಯಲ್ಲಿತ್ತು. ಐಜಾಲಿನ ಗುಡ್ಡ ಹತ್ತುವ ಜೀಪಿನಲ್ಲಿ ಕೊನೆಯ ಚೂರು ಮುಗಿಯಿತು. ಅಪ್ಪ ನನ್ನನ್ನು ಹಾಸ್ಟೆಲಿನಲ್ಲಿ ಇಳಿಸಿ, ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ, ಮರುದಿನ ಹೊರಟುಹೋದ.

ಹಾಸ್ಟೆಲಿನಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಸುಳ್ಳು ಹೇಳಬಾರದು, ಪ್ರೀತಿಯಿಂದಲೇ ನೋಡಿಕೊಂಡರು. ಅಣ್ಣನಿಗೆ ಕನ್ನಡದಲ್ಲಿ ಏನಾದರೂ ಹೇಳಿದರೆ ಅವನು ಆಚೀಚೆ ನೋಡಿ ಮಿಜೋದಲ್ಲಿ ಉತ್ತರ ಕೊಡುತ್ತಿದ್ದ. ಹಾಸಿಗೆಯಲ್ಲಿ ಹೊದಿಕೆ ಎಳೆದುಕೊಂಡು ನಾನು ಓಣಿಯ ಹೆಸರುಗಳನ್ನು ಒಂದೊಂದಾಗಿ ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ, ಕಂಡಿಕೆ, ಲಾಳಿ, ರಾಟಿ ಎಂದೂ ಹೇಳಿಕೊಳ್ಳುತ್ತಿದ್ದೆ. ಮುಂದೆ ನರ್ಸಿಂಗ್ ಕಲಿಯುವ ನೆಪ ಮಾಡಿ ಹುಬ್ಬಳ್ಳಿಗೆ ಬಂದು ಕನ್ನಡದ ಅಕ್ಷರವನ್ನು ಮತ್ತೆ ಹಿಡಿಯುವವರೆಗೆ ನನ್ನ ಭಾಷೆ ಉಳಿದದ್ದು ಹಾಗೆ. ಆದರೆ ಅಲ್ಲಿಗೆ ಹೋದ ಮೊದಲ ವಾರದಲ್ಲೇ ನನಗೊಂದು ಕೆಲಸ ಹಚ್ಚಿದರು. ಅಡಿಗೆಮನೆಯಲ್ಲಿ ಅಕ್ಕಿ ತೊಳೆಯುವ ಮುಂಚೆ ಮಕ್ಕಳು ಪಾಳಿಯ ಮೇಲೆ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಬೇಕು. ಮೇಲ್ವಿಚಾರಕಿ ನನ್ನ ಭುಜ ಹಿಡಿದು ಅಕ್ಕಿಯ ಮುಂದೆ ನಿಲ್ಲಿಸಿ, “ದೂರದಲ್ಲಿರುವ ನಿನ್ನ ಅಪ್ಪ ಅಮ್ಮನಿಗೆ” ಎಂದು ನಕ್ಕಳು. ನಾನು ಅಕ್ಕಿಯೊಳಗೆ ಕೈ ಹಾಕಿದೆ. ಹಾಕಿದ ಮೇಲೆ ತೆಗೆಯಲು ಆಗಲಿಲ್ಲ. ದೊಡ್ಡ ಹಿಡಿ ತೆಗೆದರೆ ಅಮ್ಮ ಅಲ್ಲಿಯೇ ಉಳಿಯುತ್ತಾಳೆ, ನನ್ನ ಬಳಿಗೆ ಬರುವುದಿಲ್ಲ. ಸಣ್ಣದು ತೆಗೆದರೆ ಅಮ್ಮನ ತಾಟಿನಲ್ಲಿ ಅನ್ನ ಕಡಿಮೆಯಾಗುತ್ತದೆ. ಪಾಳಿ ಬಂದಾಗಲೆಲ್ಲ ನಾನು ಹಾಗೆ ನಿಲ್ಲುತ್ತಿದ್ದೆ, ಹಿಂದಿನ ಹುಡುಗಿಯರು ಬೇಗ ಬೇಗ ಎನ್ನುತ್ತಿದ್ದರು. ಕೊನೆಗೆ ಪ್ರತಿ ಸಲವೂ ನನ್ನ ಕೈಗೆ ಹಿಡಿಯುವಷ್ಟನ್ನೂ ಹಿಡಿದೇ ತೆಗೆದೆ. ಅಮ್ಮ ಉಪವಾಸ ಇರಬಾರದಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ಅಮ್ಮ ಕಾಮಾಲೆಯಾಗಿ ಬನಹಟ್ಟಿಯಲ್ಲೇ ಹೋದಳು. ಹಾಸ್ಟೆಲಿನಿಂದ ಬನಹಟ್ಟಿಗೆ ನಾಲ್ಕು ದಿನದ ದಾರಿ. ನಮ್ಮನ್ನು ಕಳಿಸುವುದರಲ್ಲಿ ಅರ್ಥವಿಲ್ಲ ಎಂದರು ಹಾಸ್ಟೆಲಿನವರು. ನೀಲವ್ವನೇ ಅವಳ ಮೈ ತೊಳೆದು, ಅವಳು ನೇಯ್ದಿಟ್ಟ ಬಟ್ಟೆಯನ್ನೇ ಉಡಿಸಿದಳು ಎಂದು ಅಪ್ಪ ಫೋನಿನಲ್ಲಿ ಹೇಳಿದ. ಅಪ್ಪ ಅಳುತ್ತಿದ್ದ. ಊರಿಗೆ ಬಾ ಅಪ್ಪಾ ಎಂದೆ. ಕೆಲಸ ಇನ್ನೂ ಮುಗಿದಿಲ್ಲ ಎಂದ. ಸಂಜೆ ಹುಡುಗಿಯರೆಲ್ಲ ಸುತ್ತ ಕೂತು ಹಾಡಿದರು. ಅಡಿಗೆಮನೆಯಲ್ಲಿ ಅಕ್ಕಿ ಅಳೆಯುವ ಸದ್ದು ಕೇಳಿಸಿತು. ಅವತ್ತು ಪಾಳಿ ನನ್ನದಲ್ಲ. ಆದರೂ ಎದ್ದು ಹೋದೆ. ಅಮ್ಮನಿಗೆ ಇನ್ನು ಅಕ್ಕಿ ಬೇಡ ಎಂದು ಗೊತ್ತಿತ್ತು. ಅಪ್ಪ ಇನ್ನೂ ಅಲ್ಲಿದ್ದ. ಒಂದು ಹಿಡಿ ತೆಗೆದು ಹಾಕಿದೆ.